ಕಲ್ಲು ಬಂಗಲೆಯ ಶುಕ್ರವಾರಗಳು

ಹಬ್ಬ ಹತ್ತಿರ ಬಂತೆಂದರೆ ನಮ್ಮ ಕಲ್ಲು ಬಂಗಲೆಯಲ್ಲಿ ಏನಾದರೊಂದು ಎಡವಟ್ಟು ಆಗಲೇಬೇಕು. ತಾನಾಗಿ ಆಗದಿದ್ದರೆ ನಾವೇ ಮಾಡುತ್ತಿದ್ದೆವು.

ಬಳ್ಳಾರಿಯ ಬ್ರೂಸ್‌ಪೇಟೆಯ ಹಿಂದಿನ ಓಣಿಯಲ್ಲಿ ಹತ್ತಿ ಸಾಹುಕಾರರೊಬ್ಬರ ಹಳೆಯ ಮಾಳಿಗೆ ಮನೆ ಇತ್ತು. ಸಾಹುಕಾರರ ವಂಶ ಮುಗಿದ ಮೇಲೆ ಊರಿನ ಕೆಲವು ವಕೀಲರು, ವರ್ತಕರು ಸೇರಿ ಒಂದು ಸಮಿತಿ ಮಾಡಿಕೊಂಡು ಅದನ್ನು ಮ್ಯೂಜಿಯಂ ಮಾಡಿದರು. ಸಂಗನಕಲ್ಲಿನ ಗುಡ್ಡದಲ್ಲಿ ಸಿಕ್ಕ ಕಲ್ಲಿನ ಕೊಡಲಿ, ಮಣ್ಣಿನ ಗಡಿಗೆ, ಕೋಟೆಯ ಫಿರಂಗಿ ಗುಂಡು, ಪಾಳೆಯಗಾರರ ಕತ್ತಿ, ಇಂಥವೆಲ್ಲ ಬಂದು ಕೂತವು. ಜನ ಮಾತ್ರ ಮ್ಯೂಜಿಯಂ ಅನ್ನಲಿಲ್ಲ. "ಬಳ್ಳಾರ್ಯಾಗ ಕಣ್ಣು ತೆಗದ್ರ ಕಲ್ಲು. ಅದನ್ನ ನೋಡಾಕ ಮತ್ತ ಒಂದು ಬಂಗ್ಲೆ ಬೇಕಾಗಿತ್ತಾ?" ಎಂದು ನಕ್ಕು, ಕಲ್ಲು ಬಂಗಲೆ ಎಂದೇ ಕರೆದರು.

ಆಗ ನಾವೆಲ್ಲ ಮದ್ರಾಸು ಸರಕಾರದ ಕೈಕೆಳಗೆ. ಪರದೆಯಲ್ಲಿರುವ ಗೋಷಾ ಹೆಂಗಸರು ಬಂದು ನೋಡಲೆಂದು ವಾರಕ್ಕೊಂದು ದಿನ ಬೇರೆ ಇಡುವ ಪದ್ಧತಿ ಆ ಕಡೆ ಇತ್ತು. ನಮ್ಮ ಸಮಿತಿಯವರೂ ಶುಕ್ರವಾರವನ್ನು ಹೆಂಗಸರಿಗೆ ಬಿಟ್ಟರು. ಆ ದಿನ ಗಂಡಸರು ಒಳಗೆ ಬರುವಂತಿಲ್ಲ ಎಂದು ಬಾಗಿಲಿಗೆ ಹಲಗೆ ಹಾಕಿದರು. ನೋಡಿಕೊಳ್ಳಲು ಓದುಬರಹ ಬಲ್ಲ ಒಬ್ಬ ಹೆಂಗಸು ಬೇಕಾಯಿತು. ನನ್ನನ್ನು ಇಟ್ಟುಕೊಂಡರು.

ನಾನು ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು, ಮೈದುನನ ಮನೆಯಲ್ಲಿದ್ದೆ. ಹಬ್ಬದ ದಿನ ಹೋಳಿಗೆ ನಾನು ತಟ್ಟಬೇಕು, ಎಡೆ ಬೇರೆಯವರು ಹಿಡಿಯಬೇಕು. ಪೂಜೆ ಶುರುವಾದರೆ ನನಗೆ ಹಿತ್ತಲು. ಇದು ನೆನಪಾದರೆ ಈಗಲೂ ನನಗೆ ಮೈ ಉರಿಯುತ್ತದೆ. ಶುಕ್ರವಾರ ಕಲ್ಲು ಬಂಗಲೆಯಲ್ಲಿ ಮಾತ್ರ ಯಾರ ಹಣೆಯಲ್ಲಿ ಕುಂಕುಮ ಇದೆ, ಯಾರ ತಲೆಯ ಮೇಲೆ ಬುರಖಾ ಇದೆ, ಯಾರು ಯಾರ ಸೊಸೆ ಎಂದು ಒಬ್ಬರೂ ಕೇಳುತ್ತಿರಲಿಲ್ಲ. ಕಾಲು ಚಾಚಿ ಕೂತು ಜೋರಾಗಿ ನಗಬಹುದಿತ್ತು. ಕಲ್ಲು ನೋಡಲು ಬಂದವರಿಗಿಂತ ನಗಲು ಬಂದವರೇ ಹೆಚ್ಚು. ಹಬ್ಬ ಯಾವ ವಾರ ಬಿದ್ದರೂ ನಾವು ಅದನ್ನು ಹತ್ತಿರದ ಶುಕ್ರವಾರಕ್ಕೆ ಎಳೆದುಕೊಂಡು ಇನ್ನೊಮ್ಮೆ ಮಾಡುತ್ತಿದ್ದೆವು.

ಸಮಿತಿಯ ಕಾರ್ಯದರ್ಶಿ ಒಬ್ಬ ವಕೀಲರು. ಒಳ್ಳೆಯವರೇ, ಆದರೆ ನಿಯಮದ ಮನುಷ್ಯ. "ಇನ್ನೊಮ್ಮೆ ಇಲ್ಲಿ ಹಬ್ಬಾ ಗಿಬ್ಬಾ ಅಂದ್ರ ಶುಕ್ರವಾರ ಬಂದ್ ಮಾಡಿಸ್ತೀನಿ ನೋಡವ್ವ" ಎಂದು ಪ್ರತಿ ಹಬ್ಬಕ್ಕೂ ಹೇಳುತ್ತಿದ್ದರು.

"ಹೂಂನ್ರಿ" ಅನ್ನುತ್ತಿದ್ದೆ. ಮನಸ್ಸಿನಲ್ಲಿ, ಹ್ಯಾಂಗ ಮಾಡಿಸ್ತೀರೋ ನಾನೂ ನೋಡ್ತೀನಿ ಅನ್ನುತ್ತಿದ್ದೆ.

ಗೋಡೆಗೆ ಹಚ್ಚಿದ ಬಾಗಿಲು

ಕುರುಗೋಡಿನ ದೊಡ್ಡ ಮನೆತನದವರೊಬ್ಬರು ತಮ್ಮ ಹಳೆಯ ಬಾಗಿಲನ್ನು ಚೌಕಟ್ಟು, ಹೊಸ್ತಿಲು ಸಮೇತ ನಮಗೆ ಕೊಟ್ಟರು. ಮೈತುಂಬ ಆನೆ, ಗಿಳಿ, ಬಳ್ಳಿಯ ಕೆತ್ತನೆ. ಕೊಟ್ಟವನು ಆ ಮನೆಯ ಮಗ. ತಾಯಿಯನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ವಕೀಲರು ಆ ಬಾಗಿಲನ್ನು ಪಡಸಾಲೆಯ ಗೋಡೆಗೆ ಆನಿಸಿ ಮೊಳೆ ಹೊಡೆಸಿ ನಿಲ್ಲಿಸಿದರು.

ದೀಪಾವಳಿಯ ಶುಕ್ರವಾರ ಒಬ್ಬ ಅಜ್ಜಿ ಬಂದಳು. ಕೈಯಲ್ಲಿ ಅರಿಸಿನದ ಬಟ್ಟಲು, ಉಡಿಯಲ್ಲಿ ಚೆಂಡು ಹೂವು.

"ಯವ್ವಾ, ಕುರುಗೋಡಿನ ಬಾಗ್ಲಾ ಎಲ್ಲೈತಿ?" ಎಂದು ಕೇಳಿದಳು. ತೋರಿಸಿದೆ. ಕೂತು ಹೊಸ್ತಿಲಿಗೆ ಅರಿಸಿನ ಹಚ್ಚತೊಡಗಿದಳು.

"ಅಜ್ಜಿ, ಮುಟ್ಟಬಾರದಂತ ಐತಿ" ಅಂದೆ, ನನ್ನ ಕೆಲಸಕ್ಕೆ ತಕ್ಕಂತೆ.

"ಬಾಗ್ಲಾ ಕೊಟ್ಟಾವ ನನ್ನ ಮಗ. ಹೊಸ್ತಿಲಾ ನಾ ಎಲ್ಲಿ ಕೊಟ್ಟೀನಿ? ಮದಿವ್ಯಾಗಿ ಬಂದಾಗಿಂದ ಇದನ್ನ ತೊಳದಾಕಿ ನಾನು" ಎಂದು ಅಜ್ಜಿ ಕೈ ನಿಲ್ಲಿಸಲಿಲ್ಲ.

ನನಗೆ ಬಹಳ ಹಿಡಿಸಿದಳು. ಪೂಜೆ ಮುಗಿಸಿ ಎದ್ದು ನಿಂತ ಅಜ್ಜಿ, ಬಾಗಿಲು ತೆರೆದು ನೋಡಿದಳು. ಹಿಂದೆ ಸುಣ್ಣದ ಗೋಡೆ.

"ಇದೇನಾ ಇದು! ಬಾಗ್ಲಾ ಒಯ್ದು ಗ್ವಾಡಿಗೆ ಹಚ್ಯಾರ! ಲಕ್ಷ್ಮಿ ಒಳಗ ಬರಬೇಕಂದ್ರ ಹಣಿ ಬಡಕೋಬೇಕೇನು?"

ಅಲ್ಲಿದ್ದ ಹೆಂಗಸರಿಗೆಲ್ಲ ಹೌದಲ್ಲ ಅನ್ನಿಸಿತು. ಸೆರಗು ಸಿಕ್ಕಿಸಿ ಮೊಳೆ ಕಿತ್ತು, ಐಸಾ ಎಂದು ನೂಕಿ ಬಾಗಿಲನ್ನು ಪಡಸಾಲೆಯ ನಟ್ಟನಡುವೆ ತಂದು ನಿಲ್ಲಿಸಿದೆವು. ಅಲುಗದಂತೆ ಕೆಳಗೆ ಕೊಡಲು ಎರಡು ಫಿರಂಗಿ ಗುಂಡು ಬೇಕಾದವು, ಅವೂ ಕೈಗೆ ಸಿಗುವಂತಿದ್ದವು.

ಮರುದಿನ ವಕೀಲರು ಬಂದು ಕೂಗಾಡಿದರು. "ಇದು ಮ್ಯೂಜಿಯಂ ಅವ್ವಾ! ಇಲ್ಲಿ ಬಾಗ್ಲಾ ಇರೋದು ನೋಡಾಕ, ದಾಟಾಕಲ್ಲ! ಹಿಂದಿನ ಕೆತ್ತನಿ ಏನರ ಮುರದೀರೇನು?" ಎಂದು ಹಿಂಭಾಗ ನೋಡಲು ಹೊರಟರು. ಎಡಕ್ಕೆ ಜಾಗವಿತ್ತು, ಬಲಕ್ಕೆ ಎತ್ತಿನ ಬಂಡಿ ಹೋಗುವಷ್ಟು ಜಾಗವಿತ್ತು. ಅವರು ಚಪ್ಪಲಿ ಬಿಟ್ಟು, ತಲೆ ಬಗ್ಗಿಸಿ, ಹೊಸ್ತಿಲು ತುಳಿಯದಂತೆ ಬಲಗಾಲು ಮುಂದಿಟ್ಟು ಬಾಗಿಲಿನೊಳಗೇ ದಾಟಿ ಹೋದರು. ಆ ಕಡೆಯಿಂದ ಬೈಗುಳ ಮುಂದುವರಿಸಿದರು.

ತೊಲೆಯ ಪರೀಕ್ಷೆ

ನಾಗರ ಪಂಚಮಿ ಬಂತೆಂದರೆ ನಮ್ಮ ಕಡೆ ಹೆಣ್ಣುಮಕ್ಕಳಿಗೆ ಉಂಡಿ ಬೇಕು, ಜೋಕಾಲಿ ಬೇಕು. ಪೇಟೆಯ ಇಕ್ಕಟ್ಟು ಮನೆಗಳಲ್ಲಿ ಜೋಕಾಲಿ ಕಟ್ಟಲು ಮರವೆಲ್ಲಿ? ಸಾಹುಕಾರರ ಪಡಸಾಲೆಯಲ್ಲಿ ಸಾಗುವಾನಿಯ ದಪ್ಪ ತೊಲೆಗಳಿದ್ದವು. ಇಡೀ ವರ್ಷ ಆ ತೊಲೆಗಳನ್ನು ನಾವು ಆಸೆಯಿಂದ ನೋಡಿದ್ದೆವು.

ಹಗ್ಗ ಕಟ್ಟಿದವಳು ಬೂಬಮ್ಮ. ಬೂಬಮ್ಮ ಎಂದರೆ ಓಣಿ ಓಣಿ ತಿರುಗಿ ಬಳೆ ತೊಡಿಸುವ ಸಾಬರ ಹೆಂಗಸು. ಸಿರುಗುಪ್ಪ ಆಕೆಯ ತವರು. ಶುಕ್ರವಾರ ಗಂಡ ನಮಾಜಿಗೆ ಹೋದ ಹೊತ್ತಿಗೆ ಬಳೆಯ ಮಲಾರ ಹೆಗಲಿಗೇರಿಸಿ ನಮ್ಮಲ್ಲಿಗೆ ಬಂದುಬಿಡುತ್ತಿದ್ದಳು. ಆಕೆ ಹಾಕಿದ ಗಂಟು ಬಿಚ್ಚಲು ಆಕೆಗೇ ಬರುತ್ತಿರಲಿಲ್ಲ. ಹಾಗಾಗಿ ದಿನವಿಡೀ ಜೀಕಿ ದಣಿದ ನಾವು ಸಂಜೆ ಜೋಕಾಲಿಯನ್ನು ಅಲ್ಲೇ ಬಿಟ್ಟು ಹೋಗಬೇಕಾಯಿತು.

ಬೆಳಿಗ್ಗೆ ವಕೀಲರು ಜೋಕಾಲಿಯನ್ನು ನೋಡಿ ಕೆಂಪಗಾದರು. "ಯಾವ ಕಾಲದ ತೊಲಿ ಅವು! ಎಷ್ಟು ಭಾರ ತಡೀತಾವ ಅಂತ ಯಾರರ ಪರೀಕ್ಷಾ ಮಾಡೀರೇನು?"

"ಇಲ್ರಿ."

"ಮಾಡಬೇಕಾಗ್ತೈತಿ" ಎಂದು ಅತ್ತ ಇತ್ತ ನೋಡಿ, ಮುಂಬಾಗಿಲು ಮುಂದಕ್ಕೆ ಎಳೆದು, ಕೋಟು ಕಳಚಿ ಪಾಳೆಯಗಾರರ ಕತ್ತಿಗೆ ತೂಗುಹಾಕಿ, ಪಂಚೆ ಎತ್ತಿ ಕಟ್ಟಿ ಕೂತರು. ನಾನು ಒಂದು ಕೈಯಲ್ಲಿ ಮೆಲ್ಲಗೆ ನೂಕಿದೆ.

"ತೊಲಿ ಸಪ್ಪಳ ಮಾಡ್ತೇನು?"

"ಇಲ್ರಿ."

"ನನಗ ಸರಿಯಾಗಿ ಕೇಳಿಲ್ಲ. ಇನ್ನಾ ಜೋರಾಗಿ ನೂಕವ್ವ."

ನೂಕಿದೆ. ಅವರ ಮುಖದಲ್ಲಿ ಕೋರ್ಟು ಕಚೇರಿ ಎಲ್ಲ ಮರೆತ ಕಳೆ ಬಂದಿತ್ತು. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಸಮಿತಿಯ ಅಧ್ಯಕ್ಷರು ಒಳಗೆ ಬಂದರು. ಅವರು ಅಕ್ಕಿ ಗಿರಣಿಯ ಮಾಲೀಕರು, ಒಂದು ಬಾಗಿಲಿಗೆ ಒಬ್ಬರೇ ಸಾಕಾಗುವ ಆಳು. ಕಾರ್ಯದರ್ಶಿಗಳು ಗಾಳಿಯಲ್ಲಿ ತೇಲುತ್ತಿರುವುದನ್ನು ನೋಡಿ ನಿಂತರು.

"ತೊಲಿ ಪರೀಕ್ಷಾ ನಡದೈತ್ರಿ ಅಧ್ಯಕ್ಷರ!" ಎಂದು ವಕೀಲರು ಮೇಲಿನಿಂದಲೇ ವರದಿ ಒಪ್ಪಿಸಿದರು.

ಅಧ್ಯಕ್ಷರು ತೊಲೆಯನ್ನು ಅಳೆಯುವವರಂತೆ ಮೇಲೆ ಕೆಳಗೆ ನೋಡಿದರು. ಆಮೇಲೆ ಪೇಟ ತೆಗೆದು ನನ್ನ ಕೈಗೆ ಕೊಟ್ಟರು. "ನೀವು ಹಗುರ ಅದೀರಿ ವಕೀಲರ, ನಿಮ್ಮಿಂದ ಏನೂ ಗೊತ್ತಾಗಂಗಿಲ್ಲ. ಇಳೀರಿ, ನಾ ಕೂಡ್ತೀನಿ."

ಇರುವೆ ಸಾಲು

ಯುಗಾದಿಯ ಶುಕ್ರವಾರ ಬಂಗಲೆಯ ಹಿಂದಿನ ಅಡಿಗೆ ಮನೆಯಲ್ಲಿ ಹೋಳಿಗೆಗೆ ಬೇಳೆ ಬೇಯಿಸಿದೆವು. ಹೂರಣ ರುಬ್ಬಲು ಹೋದರೆ ಅಲ್ಲಿದ್ದ ಒರಳು ಬಿರುಕು ಬಿಟ್ಟಿತ್ತು. ಪಡಸಾಲೆಯಲ್ಲಿ ಸಂಗನಕಲ್ಲಿನ ಒಂದು ಅರೆಯುವ ಕಲ್ಲು ಇತ್ತು. ಸಾವಿರಾರು ವರ್ಷ ಯಾರೋ ಅರೆದೂ ಅರೆದೂ ನುಣ್ಣಗೆ ತಗ್ಗಾಗಿ ಕೂತಿತ್ತು. ಕುರುಗೋಡಿನ ಅಜ್ಜಿ, ಆಕೆ ಈಗ ಪ್ರತಿ ಹಬ್ಬಕ್ಕೂ ಬರುವವಳೇ, ಅದರ ಮೇಲೆ ಕೈಯಾಡಿಸಿದಳು.

"ಇಂಥಾ ಕಲ್ಲು ಮನ್ಯಾಗ ಇಟಗೊಂಡು ಉಪವಾಸ ಇರಬೇಕೇನು?"

ತೊಳೆದೇ ರುಬ್ಬಿದೆವು, ರುಬ್ಬಿಯೂ ತೊಳೆದೆವು. ನಮ್ಮಂಥ ಅಚ್ಚುಕಟ್ಟು ಸಂಗನಕಲ್ಲಿನ ಆ ಕಾಲದವರಿಗೂ ಇದ್ದಿರಲಿಕ್ಕಿಲ್ಲ.

ಮರುದಿನ ಹೊರಗಿನಿಂದ ಕೆಲವು ದೊಡ್ಡವರು ನೋಡಲು ಬಂದರು. ವಕೀಲರು ಆ ಕಲ್ಲಿನ ಮುಂದೆ ನಿಂತು, "ಎಷ್ಟೋ ಸಾವಿರ ವರ್ಷಗಳಿಂದ ಈ ಕಲ್ಲು ಮೌನವಾಗಿದೆ" ಎಂದು ಶುರುಮಾಡಿದರು. ನಾನು ಮೂಲೆಯಲ್ಲಿ ನಿಂತು ಕಲ್ಲು ನೋಡಿದೆ. ಅದರ ತುಂಬ ಇರುವೆ. ಗೋಡೆಯಿಂದ ಇಳಿದು, ಕಲ್ಲು ಹತ್ತಿ, ತಗ್ಗಿನಲ್ಲಿ ಸಂತೆ ನೆರೆದಿತ್ತು.

"ಇದೇನು, ಇಷ್ಟೊಂದು ಇರುವೆ?" ಎಂದರು ಒಬ್ಬರು.

ವಕೀಲರು ಬಗ್ಗಿ ನೋಡಿದರು. ಸ್ವಲ್ಪವೂ ಅಳುಕಲಿಲ್ಲ. "ನೋಡಿದಿರಾ? ಆ ಕಾಲದ ಧಾನ್ಯದ ಸತ್ವ ಇನ್ನೂ ಕಲ್ಲಿನೊಳಗೆ ಉಳಿದಿದೆ. ಮನುಷ್ಯರಿಗೆ ತಿಳಿಯುವುದಿಲ್ಲ, ಇರುವೆಗೆ ತಿಳಿಯುತ್ತದೆ."

ಎಲ್ಲರೂ ಕನ್ನಡಕ ಒರೆಸಿಕೊಂಡು ನೋಡಿದರು. ಬಂದವರಲ್ಲಿ ಹಿರಿಯರೊಬ್ಬರು ಕಲ್ಲಿನ ಹತ್ತಿರ ಮೂಗು ಒಯ್ದು ದೀರ್ಘವಾಗಿ ಉಸಿರೆಳೆದರು.

"ವಕೀಲರೇ, ಆ ಕಾಲದವರು ಏಲಕ್ಕಿಯನ್ನೂ ಹಾಕುತ್ತಿದ್ದರೇನು?"

ಬೀದಿಯಿಂದ ಸ್ವಾತಂತ್ರ್ಯ

ಸ್ವಾತಂತ್ರ್ಯ ಬಂದದ್ದು ಶುಕ್ರವಾರ. ಇದನ್ನು ನಾವು ಬೇಡಿಕೊಂಡಿರಲಿಲ್ಲ, ಬಂದದ್ದೇ ಹಾಗೆ.

ಸಮಿತಿಯವರು ಕಲ್ಲು ಬಂಗಲೆಯ ಮಾಳಿಗೆಯ ಮೇಲೆ ಬಾವುಟ ಹಾರಿಸಬೇಕೆಂದು ಕೋಲು ನೆಡಿಸಿ, ಹಗ್ಗ ಬಿಗಿಸಿ ಎಲ್ಲ ಸಿದ್ಧ ಮಾಡಿದ್ದರು. ಮಾಳಿಗೆಗೆ ಮೆಟ್ಟಿಲು ಒಳಗಿನಿಂದ ಮಾತ್ರ. ಬೆಳಿಗ್ಗೆ ಅಧ್ಯಕ್ಷರು, ವಕೀಲರು, ಊರಿನ ಗಂಡಸರು ಹಾರ ತುರಾಯಿ ಹಿಡಿದು ಬಂದರು. ನಾವು ಆಗಲೇ ಒಳಗಿದ್ದೆವು. ಬಾಗಿಲಲ್ಲಿ ನಾನು ನಿಂತಿದ್ದೆ.

"ಇವತ್ತು ಶುಕ್ರವಾರ್ರಿ" ಅಂದೆ.

"ಲೇ ಅವ್ವಾ, ಇವತ್ತು ಸ್ವಾತಂತ್ರ್ಯ ಐತಿ!" ಎಂದರು ವಕೀಲರು.

"ಹೌದ್ರಿ. ನಮಗೂ ಬಂದೈತಿ."

ಹಲಗೆ ಅವರೇ ಬರೆಸಿದ್ದು. ಅದನ್ನು ಅವರೇ ಒಮ್ಮೆ ಓದಿದರು. ಅಧ್ಯಕ್ಷರು ಗಡಿಯಾರ ನೋಡಿಕೊಂಡರು. ಕೊನೆಗೆ ವಕೀಲರು ಬಾವುಟವನ್ನು ನನ್ನ ಕೈಗೆ ಕೊಟ್ಟರು. ಕೊಡುವಾಗ ಆ ಮನುಷ್ಯನ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ ಇತ್ತು. ಅದನ್ನು ಎದೆಗೆ ಒತ್ತಿಕೊಂಡು ಮೆಟ್ಟಿಲು ಹತ್ತಿದೆ. ಹಗ್ಗ ಎಳೆದದ್ದು ಕುರುಗೋಡಿನ ಅಜ್ಜಿ, ಗಂಟು ಹಾಕಿದ್ದು ಬೂಬಮ್ಮ. ಆಕೆಯ ಗಂಟೆಂದರೆ ಆ ಬಾವುಟವನ್ನು ಯಾರೂ ಇಳಿಸುವಂತಿರಲಿಲ್ಲ. ಕೆಳಗೆ ಬೀದಿಯಲ್ಲಿ ಗಂಡಸರೆಲ್ಲ ಕತ್ತು ಎತ್ತಿ ಕೈ ಮುಗಿದು ನಿಂತರು. ಜೀವಮಾನದಲ್ಲಿ ಮೊದಲ ಸಲ ನಾವು ಮೇಲೆ, ಅವರು ಕೆಳಗೆ.

ವಕೀಲರು ಬೀದಿಯಲ್ಲೇ ಭಾಷಣಕ್ಕೆ ನಿಂತರು. ಬರೆದುಕೊಂಡು ಬಂದದ್ದನ್ನು ಬಿಡುವವರಲ್ಲ.

"ಸೋದರ ಸೋದರಿಯರೇ, ಕತ್ತಲೆ ಕಳೆಯಿತು! ಇವತ್ತಿನಿಂದ ಈ ದೇಶದಲ್ಲಿ ಯಾರಿಗೂ ಯಾವ ಬಾಗಿಲೂ ಮುಚ್ಚಿರುವುದಿಲ್ಲ!"

ಮಾಳಿಗೆಯ ಮೇಲಿಂದ ಅಜ್ಜಿ ಬಗ್ಗಿ ಕೂಗಿದಳು. "ಇದೊಂದು ಬಿಟ್ಟು ನೋಡ್ರಿ ವಕೀಲಪ್ಪಾರ! ಇದಕ್ಕ ನಾಳಿ ಬರ್ರಿ!"

ಸಿರುಗುಪ್ಪದ ಪೆಟ್ಟಿಗೆ

ಅದೇ ವರ್ಷ ಸಮಿತಿಯವರು ಕೆಲವು ವಸ್ತುಗಳನ್ನು ಬಂಡಿಗೆ ಹೇರಿ ಸಿರುಗುಪ್ಪಕ್ಕೆ ಒಯ್ದು, ಹೊಳೆ ದಂಡೆಯ ಹಳೆಯ ವಾಡೆಯೊಂದರಲ್ಲಿ ನಾಲ್ಕು ದಿನ ಜನರಿಗೆ ತೋರಿಸಿದರು. ಹೆಂಗಸರನ್ನು ನೋಡಿಕೊಳ್ಳಲು ನಾನೂ ಹೋದೆ. ತವರಿಗೆ ಹೋಗುವ ನೆವ ಸಿಕ್ಕಿತೆಂದು ಬೂಬಮ್ಮನೂ ಬಂಡಿ ಹತ್ತಿದಳು. ಅದು ಮೊಹರಮ್ಮಿನ ಸಮಯ.

ಒಯ್ದ ವಸ್ತುಗಳಲ್ಲಿ ಹಿತ್ತಾಳೆಯ ಹಳೆಯ ಪಂಜಾ ಒಂದಿತ್ತು. ಮೊಹರಮ್ಮಿನಲ್ಲಿ ಪೀರದೇವರೆಂದು ಕೂಡಿಸುತ್ತಾರಲ್ಲ, ಆ ಹಸ್ತ. ವಕೀಲರು ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಕೀಲಿ ಜೇಬಿನಲ್ಲಿ ಇಟ್ಟುಕೊಂಡಿದ್ದರು. ಸಿರುಗುಪ್ಪದವರು ಬಂದು ನೋಡಿ ಬಾಯಿ ಮೇಲೆ ಕೈಯಿಟ್ಟರು. ನಮ್ಮ ಕಡೆ ಆ ಹಬ್ಬ ಎಲ್ಲರದ್ದು. ಬಂದವರಲ್ಲಿ ರುಮಾಲಿನ ಗೌಡರಿದ್ದರು, ಟೋಪಿಯ ಸಾಬರಿದ್ದರು.

"ಹಬ್ಬದ ದಿನ ದೇವರನ್ನ ಜೇಲಿನ್ಯಾಗ ಇಟ್ಟೀರಲ್ರಿ!"

"ಅದು ದೇವರಲ್ಲ, ಪ್ರದರ್ಶನದ ವಸ್ತು. ತೆಗೆಯಾಕ ಬರಂಗಿಲ್ಲ" ಎಂದರು ವಕೀಲರು. ಆಮೇಲೆ ದನಿ ತಗ್ಗಿಸಿ, "ಹೊಳಿ ಆಚಿ ನಿಜಾಮರ ಸೀಮ್ಯಾಗ ಗಲಾಟಿ ನಡದೈತಿ. ಈ ವರ್ಷ ಹಿಂದೂ ಮುಸಲ್ಮಾನ್ರು ಕೂಡಿ ಮೆರವಣಿಗಿ ಗಿರವಣಿಗಿ ಬ್ಯಾಡ್ರಪಾ" ಅಂದರು.

ಬೂಬಮ್ಮನಿಗೆ ಸಿಟ್ಟು ಬಂತು. "ಆಚಿ ಗಲಾಟಿ ಐತಂತ ಈಚಿ ಪೀರದೇವರಿಗೆ ಸಕ್ರಿ ಓದಸೂದು ಬಿಡಬೇಕೇನ್ರಿ? ನಮ್ಮಪ್ಪನ ಕಾಲದಾಗ ಬಿಟ್ಟಿಲ್ಲ, ಈಗ ಬಿಡಂಗಿಲ್ಲ."

ಒಬ್ಬರೂ ಬೀಗ ಮುಟ್ಟಲಿಲ್ಲ, ಗಾಜು ಒಡೆಯಲಿಲ್ಲ. ಇಡೀ ಪೆಟ್ಟಿಗೆಯನ್ನೇ ಮೇಲೆತ್ತಿ ಹೆಗಲ ಮೇಲಿಟ್ಟುಕೊಂಡು ಹೊರಟರು. ಹಲಗಿ ಬಡಿತ, ಊದಿನ ಹೊಗೆ. ವಕೀಲರು, "ನಿಲ್ರಿ, ಬೀಗ ಅಲುಗ್ತೈತಿ!" ಎನ್ನುತ್ತ ಪೆಟ್ಟಿಗೆಗೆ ಒಂದು ಕೈ ಹಚ್ಚಿ ಜೊತೆಗೇ ಓಡಿದರು. ಕೀಲಿ ಇರುವ ಮನುಷ್ಯ, ಕೈ ಬಿಡದೆ ಬರುತ್ತಿದ್ದಾನೆ, ಇವನೇ ಈ ದೇವರ ಪೂಜಾರಿ ಎಂದು ಜನ ತಿಳಿದರು. ದಾರಿಯುದ್ದಕ್ಕೂ ಅವರ ಬಾಯಿಗೆ ಸಕ್ಕರೆ ಹಾಕಿದರು, ಕೊರಳಿಗೆ ಹರಕೆಯ ಕೆಂಪು ಲಾಡಿ ಕಟ್ಟಿದರು. ಒಬ್ಬ ತಾಯಿ ಅಳುವ ಕೂಸನ್ನು ಮುಂದೆ ಚಾಚಿ, "ಉರುಬ್ರಿ ಸ್ವಾಮಿ" ಎಂದಳು. ವಕೀಲರು ಅತ್ತ ಇತ್ತ ನೋಡಿ, ಬೇರೆ ದಾರಿ ಕಾಣದೆ, ಉಫ್ ಎಂದು ಊದಿದರು. ಕೂಸು ಅಳು ನಿಲ್ಲಿಸಿತು. ಅಲ್ಲಿಂದ ಮುಂದೆ ಕೂಸುಗಳ ಸಾಲು ಮುಗಿಯಲೇ ಇಲ್ಲ.

ಮುಂದಿನ ವರ್ಷ ಮೊಹರಮ್ಮಿಗೆ ಮೊದಲು ಸಿರುಗುಪ್ಪದಿಂದ ಇಬ್ಬರು ಹಿರಿಯರು ಕಲ್ಲು ಬಂಗಲೆಗೆ ಬಂದರು. ಪಂಜಾ ಕಳಿಸಬೇಕೆಂದು ಕೇಳಿದರು. ವಕೀಲರು ಆಗುವುದಿಲ್ಲ ಎಂದರು.

"ಹೋಗ್ಲಿ ಬಿಡ್ರಿ" ಎಂದರು ಹಿರಿಯರು. "ಪಂಜಾ ಇರ್ಲಿ, ನೀವರ ಬರ್ರಿ."

ಘಟ

ಇದು ಆಮೇಲಿನ ಮಾತು. ಊರ ಗಂಡಸರೆಲ್ಲ ಬಳ್ಳಾರಿ ಮೈಸೂರಿಗೆ ಸೇರಬೇಕೋ ಆಂಧ್ರಕ್ಕೆ ಸೇರಬೇಕೋ ಎಂದು ಬಡಿದಾಡುತ್ತಿದ್ದ ದಿನಗಳು. ನಮಗೆ ಶುಕ್ರವಾರ ಯಾರಿಗೆ ಸೇರಬೇಕು ಎಂಬುದೇ ದೊಡ್ಡದಾಗಿತ್ತು. ಹೆಂಗಸರು ಮ್ಯೂಜಿಯಮ್ಮನ್ನು ಮನೆ ಮಾಡಿಕೊಂಡಿದ್ದಾರೆ ಎಂದು ಯಾರೋ, ಬಂಗಲೆಗೆ ವರ್ಷಾ ಹಣ ಕೊಡುವ ಮದ್ರಾಸಿನ ಮ್ಯೂಜಿಯಂ ಇಲಾಖೆಗೆ ಚಾಡಿ ಹೇಳಿದ್ದರು. ದೊಡ್ಡ ಸಾಹೇಬರೊಬ್ಬರು ತಾವೇ ಬಂದು ನೋಡಿ, ಶುಕ್ರವಾರ ಇಡುವುದೋ ತೆಗೆಯುವುದೋ ಹೇಳುತ್ತಾರೆಂದು ಸುದ್ದಿ ಬಂತು.

"ಈ ನವರಾತ್ರಿ ಒಂದು ಸುಮ್ನ ಕೂಡ್ರವ್ವಾ, ಕೈ ಮುಗೀತೀನಿ" ಎಂದರು ವಕೀಲರು.

ಸುಮ್ಮನೆ ಕೂಡಬೇಕೆಂದೇ ಇದ್ದೆವು. ಆದರೆ ಶುಕ್ರವಾರ ಹೋಗುವುದೇ ಆದರೆ ಬರಿಗೈಯಲ್ಲಿ ಯಾಕೆ ಹೋಗಬೇಕು ಎಂದು ಕುರುಗೋಡಿನ ಅಜ್ಜಿ ಕೇಳಿದಳು. ಘಟ ಇಟ್ಟೇಬಿಡೋಣ ಎಂದು ಎದ್ದೆವು. ನವರಾತ್ರಿಯ ಆರಂಭ ಆ ಸಲ ಶುಕ್ರವಾರವೇ ಬಿದ್ದಿತ್ತು. ಘಟ ಇಡುವುದೆಂದರೆ ಗಡಿಗೆಯಲ್ಲಿ ಮಣ್ಣು ತುಂಬಿ, ಕಾಳು ಬಿತ್ತಿ, ಮುಂದೆ ನಂದಾದೀಪ ಹಚ್ಚುವುದು. ದಸರೆಯ ತನಕ ಘಟ ಅಲುಗಬಾರದು, ದೀಪ ಆರಬಾರದು. ಕಲ್ಲು ಬಂಗಲೆಯಲ್ಲಿ ಬಾಯಿ ಅಗಲವಾದ ಚಂದದ ಗಡಿಗೆ ಎಂದರೆ ಸಂಗನಕಲ್ಲಿನದೇ.

ಅಜ್ಜಿ ಕಾಳಿನ ಬಟ್ಟಲನ್ನು ನನ್ನ ಕೈಗಿಟ್ಟಳು. "ನೀ ಹಾಕವ್ವಾ."

"ನಾ ಹಾಕಬಾರದು ಅಜ್ಜಿ."

"ಕಾಳಿಗೆ ಏನು ಗೊತ್ತಾಗ್ತೈತಿ, ಯಾರ ಕೈ ಅಂತ? ಹಾಕು."

ಗಂಡ ಹೋದ ಮೇಲೆ ಘಟದ ಕೋಣೆಯ ಹೊಸ್ತಿಲನ್ನೂ ನಾನು ತುಳಿದಿರಲಿಲ್ಲ. ಬಟ್ಟಲಿನ ಕಾಳನ್ನೆಲ್ಲ ಬಿತ್ತಿದೆ. ಅಷ್ಟು ಸಂತೋಷ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ.

ಸಾಹೇಬರು ಅದೇ ಮಧ್ಯಾಹ್ನ ಬಂದರು. ಅನಂತಪುರದ ಕಡೆಯವರು, ಕನ್ನಡ ಚೆನ್ನಾಗಿ ಬರುತ್ತಿತ್ತು. ಹಲಗೆ ತೋರಿಸಿದೆ. ತಮ್ಮ ಇಲಾಖೆಯದೇ ಪದ್ಧತಿ, ಮರುಮಾತಾಡದೆ ಹೋದರು. ಮರುದಿನ ವಕೀಲರ ಜೊತೆ ಮತ್ತೆ ಬಂದರು. ಕಟ್ಟೆಯ ಮೇಲೆ ಅಜ್ಜಿ ಕೂತಿದ್ದಳು.

"ಇವತ್ತು ಶನಿವಾರ ಅಲ್ಲವೇ?" ಎಂದರು.

"ನಿಮಗ ಶನಿವಾರ್ರಿ ಸಾಹೇಬ್ರ. ಒಳಗಿನ್ನಾ ಶುಕ್ರವಾರ ಮುಗದಿಲ್ಲ."

"ಯಾವಾಗ ಮುಗಿಯುತ್ತದೆ?"

"ಘಟ ಎದ್ದ ಮ್ಯಾಲ."

ಘಟ ಎಂದ ಕೂಡಲೇ ಸಾಹೇಬರು ಅಭ್ಯಾಸಬಲದಿಂದ ಬೂಟು ಕಳಚಿಬಿಟ್ಟರು. ಅವರದೂ ನವರಾತ್ರಿ ಹಿಡಿಯುವ ಮನೆತನ. ಒಳಗೆ ದೀಪ ಕಾಯುವ ಹೆಂಗಸರು, ದಾಟಿ ಹೋಗಲು ಮನಸ್ಸು ಬರಲಿಲ್ಲ. ಬರಿಗಾಲಲ್ಲಿ ನಿಂತು ವಕೀಲರ ಮುಖ ನೋಡಿದರು. ವಕೀಲರು ಅಜ್ಜಿಯ ಮುಖ ನೋಡಿದರು. ಕೊನೆಗೆ, "ದಸರೆಯ ದಿನ ಬಂದು ತೀರ್ಮಾನ ಹೇಳುತ್ತೇನೆ" ಎಂದು ಸಾಹೇಬರು ಕುರುಗೋಡಿನ ಕೋಟೆ ಗುಡಿ ನೋಡಲು ಹೊರಟುಹೋದರು.

ದೀಪ ಕಾಯಲು ದಿನವೂ ಹೆಂಗಸರು ಪಾಳಿ ಹಚ್ಚಿ ಬಂದರು. ವಕೀಲರ ಹೆಂಡತಿಯೂ ಬಂದರು. ಕೆಂಪು ಹರಳಿನ ಮೂಗುಬೊಟ್ಟಿನ ತೆಲುಗು ಹೆಂಗಸೊಬ್ಬರು ದಿನಾ ಬೆಳಿಗ್ಗೆಯೇ ಬಂದು ಸಂಜೆತನಕ ಕೂಡುತ್ತಿದ್ದರು. ಘಟಕ್ಕೆ ನೀರು ಚಿಮುಕಿಸುವುದು ಅವರೇ, ಎಲ್ಲರಿಗಿಂತ ಜೋರಾಗಿ ನಗುವುದೂ ಅವರೇ. ಬಳ್ಳಾರಿಯಲ್ಲಿ ತೆಲುಗಿನವರಿಗೇನು ಬರ? ಯಾರ ಮನೆಯವರೆಂದು ನಾವು ಕೇಳಲಿಲ್ಲ. ಕೇಳದಿರುವುದೇ ನಮ್ಮ ಪದ್ಧತಿ.

ದಸರೆಯ ಬೆಳಿಗ್ಗೆ ಸಾಹೇಬರು ಒಳಗೆ ಬಂದರು. ಹಿಂದೆ ಅಧ್ಯಕ್ಷರು, ವಕೀಲರು, ತಮಾಷೆ ನೋಡಲು ಓಣಿಯ ಗಂಡಸರು. ಅವರ ನಡುವೆ ನನ್ನ ಮೈದುನನೂ ಇದ್ದ. ಗಡಿಗೆಯಲ್ಲಿ ಸಸಿ ಗೇಣುದ್ದ ಬೆಳೆದು ನಿಂತಿತ್ತು. ಸಾಹೇಬರು ನೋಡಿ ಅಲ್ಲೇ ಗೋಡೆ ಹಿಡಿದರು.

"ಇದು ಎಷ್ಟು ಸಾವಿರ ವರ್ಷದ ಗಡಿಗೆ ಗೊತ್ತೇ? ಇದರಲ್ಲಿ ಬೀಜ ಹಾಕಿದವರು ಯಾರು?"

ಹೇಳಿದರೆ ನನ್ನ ಕೆಲಸ ಹೋಗುತ್ತದೆ. ಅದಕ್ಕಿಂತ ಹೆಚ್ಚು, ಮೈದುನನ ಎದುರು ಹೇಳಿದರೆ ಮನೆಯಲ್ಲಿ ನಿಲ್ಲುವ ಹಾಗಿಲ್ಲ. ಆದರೂ ಹಿತ್ತಲಿಗೆ ಹೋಗಿ ಹೋಗಿ ನನಗೆ ಸಾಕಾಗಿತ್ತು. ಮುಂದೆ ಬಂದೆ.

"ನಾ ಹಾಕೀನ್ರಿ. ಗಂಡ ಸತ್ತಾಕಿ ನಾನು. ನಾನ ಹಾಕೀನಿ. ಹ್ಯಾಂಗ ಬೆಳದೈತಿ ನೋಡ್ರಿ!"

ಮೈದುನ ನೆಲ ನೋಡಿದ. ಕುರುಗೋಡಿನ ಅಜ್ಜಿ ಕೋಲೂರಿ ಎದ್ದಳು. "ಆಕಿ ಏನು ಹಾಕ್ತಾಳ್ರಿ, ನಾ ಹಾಕೀನಿ."

"ಇಬ್ರೂ ಸುಳ್ಳು ಹೇಳ್ತಾರ್ರಿ, ನಾ ಹಾಕೀನಿ" ಎಂದಳು ಬೂಬಮ್ಮ, ಎರಡೂ ಕೈಯ ಬಳೆ ಏರಿಸುತ್ತ.

"ನಾನೂ ಹಾಕೀನಿ" ಎಂದರು ವಕೀಲರ ಹೆಂಡತಿ. ವಕೀಲರು ತಲೆ ಮೇಲೆ ಕೈ ಹೊತ್ತರು.

ಸಾಹೇಬರ ದನಿ ಏರಿತು. "ಒಂದು ಗಡಿಗೆಗೆ ಇಷ್ಟು ಜನ ಬೀಜ ಹಾಕುವುದುಂಟೇ? ನಿಜ ಹೇಳಿ. ಇಲ್ಲದಿದ್ದರೆ ಈ ಕ್ಷಣವೇ ಶುಕ್ರವಾರ ರದ್ದು!"

ಆಗ ಹೆಂಗಸರ ಗುಂಪಿನ ಹಿಂದಿನಿಂದ ತೆಲುಗಿನಲ್ಲಿ ಒಂದು ದನಿ ಬಂತು. "ನೇನೇ ವೇಸಾನಂಡಿ." ನಾನೇ ಹಾಕಿದೆ ಎಂದು.

ಸಾಹೇಬರ ಬಾಯಿ ತೆರೆದದ್ದು ಹಾಗೇ ಉಳಿಯಿತು. ಕೆಂಪು ಹರಳಿನ ಮೂಗುಬೊಟ್ಟಿನವರು ಸೆರಗು ಸರಿಮಾಡಿಕೊಂಡು ಮುಂದೆ ಬಂದರು. ಸಾಹೇಬರು ಹೆಂಡತಿಯನ್ನೂ ಕರೆತಂದಿದ್ದರು, ಪ್ರವಾಸಿ ಬಂಗಲೆಯಲ್ಲಿ ಬಿಟ್ಟು ಕುರುಗೋಡಿಗೆ ಹೋಗಿದ್ದರು ಎಂಬುದು ನಮಗೆ ಗೊತ್ತಾದದ್ದೇ ಆಗ.

"ನುವ್ವಾ? ನೀನು ದಿನಾ ಗುಡಿಗೆ ಹೋಗುತ್ತಿದ್ದೆ ಎಂದು ಪ್ರವಾಸಿ ಬಂಗಲೆಯವರು ಹೇಳಿದರಲ್ಲ?" ಎಂದರು ಸಾಹೇಬರು.

"ಇದೇ ಗುಡಿ" ಎಂದು ಆಕೆ ತೆಲುಗಿನಲ್ಲೇ ಹೇಳಿ, ಗಡಿಗೆಯಿಂದ ನಾಲ್ಕು ಸಸಿ ಕಿತ್ತು ಗಂಡನ ಪೇಟದ ಅಂಚಿಗೆ ಸಿಕ್ಕಿಸಿದರು. ಆಮೇಲೆ ಎಲ್ಲರಿಗೂ ಕೇಳುವಂತೆ, "ಶುಕ್ರವಾರಂ ಒಕ್ಕಟೇ ಚಾಲದಂಡಿ, ಮಂಗಳವಾರಂ ಕೂಡಾ ಕಾವಾಲಿ" ಎಂದರು. ಶುಕ್ರವಾರ ಒಂದೇ ಸಾಲದು, ಮಂಗಳವಾರವೂ ಬೇಕು.

ಸಾಹೇಬರು ಗಡಿಗೆ ನೋಡಿದರು, ಹೆಂಡತಿಯನ್ನು ನೋಡಿದರು, ಗಂಟಲು ಸರಿಮಾಡಿಕೊಂಡರು.

"ವಕೀಲರೇ, ಮಂಗಳವಾರ ನಿಮಗೆ ಅನುಕೂಲವಾಗುತ್ತದೆಯೇ?"

ವಕೀಲರಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. "ಹಿಂಗ ಒಂದೊಂದ ಕೊಟಗೋತ ಹೋದ್ರ ಗಂಡಸ್ರಿಗೆ ಯಾವ ವಾರ ಉಳೀತೈತ್ರಿ ಸಾಹೇಬ್ರ?"

ಸಾಹೇಬರು ಪೇಟದ ಸಸಿ ಬೀಳದಂತೆ ಕೈಯಿಂದ ಹಿಡಿದುಕೊಂಡು ಬಾಗಿಲ ಕಡೆ ತಿರುಗಿದರು.

"ಅದನ್ನು ಅವರನ್ನೇ ಕೇಳಿಕೊಳ್ಳಿ."